ಯಾಕೆ ಬರಲಿಲ್ಲ ಅಂತ ಕೇಳುವವರು: ಒಂದು ಕ್ಷಯದ ಕಾರ್ಡಿನ ಇತಿಹಾಸ

1960ರ ದಶಕದ ಆರಂಭ. ಬೆಂಗಳೂರಿನಿಂದ ಕೆಲವು ಸಂಶೋಧಕರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಬಂದರು. ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಲ್ಲಿ ಕ್ಷಯ ಇದೆ ಎಂದು ಗೊತ್ತಾದವರ ಮನೆಗೆ ಹೋಗಿ ಮಾತನಾಡಿಸಿದರು. ಮೈಯಲ್ಲಿ ಏನಾದರೂ ತೊಂದರೆ ಇದೆಯೇ, ಅದರ ಬಗ್ಗೆ ಚಿಂತೆ ಇದೆಯೇ, ಎಲ್ಲಿಗಾದರೂ ಹೋಗಿ ತೋರಿಸಿದ್ದೀರಾ? ಅವರು ಕೇಳಿದ್ದು ಇಷ್ಟೇ.

ಆ ಕಾಲದ ದೊಡ್ಡ ಡಾಕ್ಟರುಗಳಲ್ಲಿ ಒಂದು ನಂಬಿಕೆ ಇತ್ತು. ಹಳ್ಳಿ ಜನಕ್ಕೆ ಕಾಯಿಲೆ ಬಂದದ್ದೇ ಗೊತ್ತಾಗುವುದಿಲ್ಲ, ಗೊತ್ತಾದರೂ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವ್ಯಾನು ತೆಗೆದುಕೊಂಡು ನಾವೇ ಊರೂರು ಸುತ್ತಿ ರೋಗಿಗಳನ್ನು ಹುಡುಕಬೇಕು ಎಂದು. ತುಮಕೂರಿನ ಜನ ಕೊಟ್ಟ ಉತ್ತರ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಮೈ ಸರಿಯಿಲ್ಲ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಎಲ್ಲಿಗೋ ಹೋಗಿ ತೋರಿಸಿಕೊಂಡಿದ್ದರು. ಅವರಲ್ಲಿ ಬಹಳ ಮಂದಿ ಹೋಗಿದ್ದು ಸರ್ಕಾರಿ ಆಸ್ಪತ್ರೆಗೇ. ಅಲ್ಲಿ ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಮನೆಗೆ ಕಳಿಸಿದ್ದರು.

ಜನ ಆಸ್ಪತ್ರೆಗೆ ಹೋಗಿದ್ದರು. ಆಸ್ಪತ್ರೆ ಅವರನ್ನು ಹಿಡಿದುಕೊಂಡಿರಲಿಲ್ಲ.

ಡಾ. ಡಿ. ಬ್ಯಾನರ್ಜಿ ಮತ್ತು ಡಾ. ಸ್ಟಿಗ್ ಆಂಡರ್ಸನ್ ಮಾಡಿದ ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಷಯದ ಬಗ್ಗೆ ಓದುವವರೆಲ್ಲ ಇವತ್ತಿಗೂ ಇದನ್ನು ಓದುತ್ತಾರೆ. ತುಮಕೂರು ಜಿಲ್ಲೆಯವರಾದ ನಮಗೆ ಮಾತ್ರ ಇದು ಗೊತ್ತಿಲ್ಲ. ಅದಕ್ಕೇ ಈ ಬರಹ.

ರೋಗಿಯನ್ನು 'ಹಿಡಿದುಕೊಳ್ಳುವ' ಈ ಕೆಲಸಕ್ಕೆ ಈಗ ಕೇಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿದೆ. ಸಮಾಜಕಾರ್ಯದ ಕಾಲೇಜುಗಳಲ್ಲಿ ಅದೊಂದು ಪಾಠ. ಬಿಡಿಸಿ ಹೇಳಿದರೆ ಬಹಳ ಸಾದಾ ವಿಷಯ. ಒಬ್ಬ ಮನುಷ್ಯನಿಗೆ ಏನೇನು ಬೇಕು ಎಂದು ಕೇಳಿ ತಿಳಿಯುವುದು. ಅದನ್ನು ಬರೆದಿಡುವುದು. ಔಷಧಿ, ಊಟ, ಹಣ, ಮನೆಯವರ ಬೆಂಬಲ ಎಲ್ಲೆಲ್ಲಿ ಸಿಗುತ್ತದೋ ಅಲ್ಲಿಗೆ ಅವರನ್ನು ಜೋಡಿಸುವುದು. ಬರಬೇಕಾದ ದಿನ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹೋಗಿ ಕೇಳುವುದು. ಗುಣವಾಗುವ ತನಕ ಬಿಡದೇ ಇರುವುದು. ಇಷ್ಟನ್ನೂ ಹೆಸರಿಟ್ಟು ಹೇಳಬಹುದಾದ ಒಬ್ಬರ ಜವಾಬ್ದಾರಿಯಾಗಿ ಮಾಡುವುದು.

ಈ ಸಾದಾ ಕೆಲಸ ನಮ್ಮ ಹಳ್ಳಿಗಳಿಗೆ ಬರಲು ಬಹಳ ವರ್ಷ ಹಿಡಿಯಿತು.

ಔಷಧಿಗಿಂತ ಮೊದಲು ಮನೆಭೇಟಿ

ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಹೇಳಿದ್ದು 1882ರ ಮಾರ್ಚ್ 24ರಂದು. ಅದಕ್ಕೇ ಈಗಲೂ ಪ್ರತಿ ಮಾರ್ಚ್ 24ಕ್ಕೆ ಶಾಲೆ ಮಕ್ಕಳು ಕ್ಷಯ ದಿನದ ಜಾಥಾ ಹೋಗುತ್ತಾರೆ. ರೋಗಾಣು ಸಿಕ್ಕಿತು, ಆದರೆ ಅದನ್ನು ಕೊಲ್ಲುವ ಔಷಧಿಗೆ ಇನ್ನೂ 60 ವರ್ಷ ಕಾಯಬೇಕಿತ್ತು.

ಔಷಧಿ ಇಲ್ಲದ ಆ ಕಾಲದಲ್ಲಿ ಡಾಕ್ಟರು ಏನು ಮಾಡಬಹುದು? 1887ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ರಾಬರ್ಟ್ ಫಿಲಿಪ್ ಎಂಬ ಯುವ ಡಾಕ್ಟರು ಕ್ಷಯ ರೋಗಿಗಳಿಗೆಂದೇ ಒಂದು ಚಿಕ್ಕ ದವಾಖಾನೆ ತೆರೆದರು. ಬಂದವರ ಹೆಸರು, ವಿವರ ಬರೆದುಕೊಂಡರು. ಆಮೇಲೆ ದಾದಿಯನ್ನು ಅವರ ಮನೆಗೇ ಕಳಿಸಿದರು. ಮನೆಯಲ್ಲಿ ಎಷ್ಟು ಜನ, ಗಾಳಿ ಬೆಳಕು ಹೇಗಿದೆ, ಊಟ ಏನು, ಇನ್ಯಾರು ಕೆಮ್ಮುತ್ತಿದ್ದಾರೆ ಎಂದು ಕೇಳಿ ಬರೆಸಿದರು. ಮನೆಯವರನ್ನೂ ಕರೆಸಿ ಪರೀಕ್ಷೆ ಮಾಡಿದರು. ಈಗ ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಬಂದು, ನಿಮ್ಮಲ್ಲಿ ಯಾರಿಗಾದರೂ ಎರಡು ವಾರದಿಂದ ಕೆಮ್ಮು ಇದೆಯಾ ಎಂದು ಕೇಳುತ್ತಾರಲ್ಲ, ಆ ಪದ್ಧತಿಯ ಬೇರು ಅಲ್ಲಿದೆ.

1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಎಂಬ ಮಹಿಳೆಯನ್ನು ಕೆಲಸಕ್ಕೆ ಇಟ್ಟುಕೊಂಡಿತು. ಅವರು ಡಾಕ್ಟರೂ ಅಲ್ಲ, ದಾದಿಯೂ ಅಲ್ಲ. ರೋಗಿಯ ಮನೆಯ ಪರಿಸ್ಥಿತಿ ವಿಚಾರಿಸಿ, ಎಲ್ಲಿ ಸಹಾಯ ಸಿಗುತ್ತದೋ ಅಲ್ಲಿಗೆ ಕಳಿಸುವುದು ಅವರ ಕೆಲಸದ ಭಾಗವಾಗಿತ್ತು.

1905ರಲ್ಲಿ ಅಮೆರಿಕದ ಬಾಸ್ಟನ್ ಊರಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಇದೇ ದಾರಿ ಹಿಡಿದರು. ಡಾಕ್ಟರು ಬಡವರಿಗೆ ವಿಶ್ರಾಂತಿ ತಗೊಳ್ಳಿ, ಒಳ್ಳೆಯ ಊಟ ಮಾಡಿ ಎಂದು ಚೀಟಿ ಬರೆಯುತ್ತಾರೆ. ದಿನಗೂಲಿಯವರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಚೀಟಿ ಬರೆದ ಮೇಲೆ ಅದು ನಡೆಯಿತೋ ಇಲ್ಲವೋ ಎಂದು ನೋಡುವವರು ಬೇಕಿತ್ತು. ಕ್ಯಾಬಟ್ ಗಾರ್ನೆಟ್ ಪೆಲ್ಟನ್ ಎಂಬ ದಾದಿಯನ್ನು ಆ ಕೆಲಸಕ್ಕೆ ಕರೆದರು. ಕೆಲವೇ ತಿಂಗಳಲ್ಲಿ ಪೆಲ್ಟನ್ ಅವರಿಗೇ ಕ್ಷಯ ಬಂದು ಕೆಲಸ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದ ಐಡಾ ಕ್ಯಾನನ್ ಈ ಕೆಲಸವನ್ನು ಒಂದು ವೃತ್ತಿಯಾಗಿ ಬೆಳೆಸಿದರು. 1917ರಲ್ಲಿ ಮೇರಿ ರಿಚ್ಮಂಡ್ ಎಂಬುವರು ಒಬ್ಬ ವ್ಯಕ್ತಿಯ ಪರಿಸ್ಥಿತಿಯನ್ನು ಹೇಗೆ ವಿಚಾರಿಸಬೇಕು, ಹೇಗೆ ಬರೆದಿಡಬೇಕು ಎಂಬ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು.

ನಮ್ಮ ದೇಶದಲ್ಲಿ ಸಮಾಜಕಾರ್ಯ ಕಲಿಸುವ ಮೊದಲ ಶಾಲೆ 1936ರಲ್ಲಿ ಮುಂಬೈಯಲ್ಲಿ ಟಾಟಾ ಟ್ರಸ್ಟಿನಿಂದ ಆರಂಭವಾಯಿತು. ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕ ಆದದ್ದು 1946ರಲ್ಲಿ, ಅದೂ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ. ಇದೆಲ್ಲ ಪಟ್ಟಣದ ದೊಡ್ಡಾಸ್ಪತ್ರೆಯ ಗೋಡೆಯ ಒಳಗಿನ ಮಾತು. ಹಳ್ಳಿಗೆ ಇನ್ನೂ ದಾರಿ ಇರಲಿಲ್ಲ.

ಹಾಸಿಗೆಯಿಂದ ಮನೆಗೆ

ಆಗ ಕ್ಷಯ ಎಂದರೆ ಸ್ಯಾನಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಇತ್ತು. ಗಡಿಯಾಚೆ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಇತ್ತು. ಶುದ್ಧ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ಮಲಗುವುದು. ಹೊಲ, ದನ, ಮಕ್ಕಳನ್ನು ಬಿಟ್ಟು ಅಷ್ಟು ದಿನ ಹೋಗಿ ಮಲಗಲು ಎಷ್ಟು ಜನರಿಗೆ ಆಗುತ್ತಿತ್ತು? ಹೋಗುವ ಮನಸ್ಸಿದ್ದರೂ ಹಾಸಿಗೆ ಬೇಕಲ್ಲ. ದೇಶದಲ್ಲಿದ್ದ ರೋಗಿಗಳ ಸಂಖ್ಯೆಯ ಮುಂದೆ ಹಾಸಿಗೆಗಳು ಲೆಕ್ಕಕ್ಕೇ ಇರಲಿಲ್ಲ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ವಿಷಯ ಹೇಳಿತು. ಕ್ಷಯ ಬರೀ ಪಟ್ಟಣದ ಕಾಯಿಲೆಯಲ್ಲ, ಹಳ್ಳಿಯಲ್ಲೂ ಸುಮಾರು ಅಷ್ಟೇ ಇದೆ.

ಅಷ್ಟರಲ್ಲಿ ಔಷಧಿ ಬಂದಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ, 1952ರಲ್ಲಿ ಐಸೋನಿಯಾಜಿಡ್ ಮಾತ್ರೆ. ಮಾತ್ರೆ ನುಂಗುವುದಕ್ಕೆ ಸ್ಯಾನಟೋರಿಯಂ ಯಾಕೆ ಎಂಬ ಪ್ರಶ್ನೆ ಎದ್ದಿತು.

ಉತ್ತರ ಹುಡುಕಲು 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ಶುರುವಾಯಿತು. ಡಾ. ವ್ಯಾಲೇಸ್ ಫಾಕ್ಸ್ ಮತ್ತು ಅವರ ತಂಡ 193 ಬಡ ರೋಗಿಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಕೆಲವರನ್ನು ಸ್ಯಾನಟೋರಿಯಂಗೆ ಕಳಿಸಿದರು, ಉಳಿದವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟರು. ಇಬ್ಬರಿಗೂ ಒಂದು ವರ್ಷ ಅದೇ ಮಾತ್ರೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರ ಊಟ ಕಡಿಮೆ, ದುಡಿಮೆ ಹೆಚ್ಚು. ಆದರೂ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಗುಣವಾಗಿದ್ದರು. ಮನೆಯಲ್ಲಿ ಇಟ್ಟುಕೊಂಡಿದ್ದರಿಂದ ಮನೆಯವರಿಗೆ ಹೆಚ್ಚಾಗಿ ಅಂಟಿರಲಿಲ್ಲ.

ಇದು ಜಗತ್ತಿಗೇ ದಾರಿ ತೋರಿಸಿದ ಅಧ್ಯಯನ. ಆದರೆ ಇದರ ಇನ್ನೊಂದು ಅರ್ಧವನ್ನು ಬಹಳ ಜನ ಮರೆತರು. ಮದ್ರಾಸಿನ ತಂಡ ಮಾತ್ರೆ ಕೊಟ್ಟು ಸುಮ್ಮನೆ ಕೂತಿರಲಿಲ್ಲ. ಅವರ ಸಿಬ್ಬಂದಿ ಹೇಳದೇ ಕೇಳದೇ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು. ಮೂತ್ರ ಪರೀಕ್ಷೆ ಮಾಡಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ಸ್ಯಾನಟೋರಿಯಂನಲ್ಲಿ ದಾದಿ ಮಾಡುತ್ತಿದ್ದ ಕೆಲಸವನ್ನು ಬೀದಿಗೆ ತಂದಿದ್ದರು. ಹಾಸಿಗೆ ಬೇಡವಾಯಿತು, ಆದರೆ ನೋಡಿಕೊಳ್ಳುವ ಮನುಷ್ಯ ಬೇಡವಾಗಲಿಲ್ಲ.

ಒಂದು ಕಾರ್ಡು, ಒಬ್ಬ ರೋಗಿ

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಮರುವರ್ಷ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಇಡೀ ದೇಶದ ಹಳ್ಳಿಗಳಿಗೆ ಆಗುವಂಥ ಒಂದು ಕ್ಷಯ ಕಾರ್ಯಕ್ರಮ ಕಟ್ಟಿಕೊಡುವುದು ಅದಕ್ಕೆ ಒಪ್ಪಿಸಿದ ಕೆಲಸ. ಮೊದಲು ಹೇಳಿದ ತುಮಕೂರಿನ ಅಧ್ಯಯನ ಈ ಸಂಸ್ಥೆಯದ್ದೇ.

ತುಮಕೂರು ಕಲಿಸಿದ ಪಾಠದ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ಜನ ತಾವಾಗಿ ಬರುತ್ತಾರೆ, ಹಾಗಾದರೆ ಅವರು ಬರುವ ಜಾಗದಲ್ಲೇ ಕಫ ನೋಡಿ, ಅಲ್ಲೇ ಮಾತ್ರೆ ಕೊಡಿ. ಜಿಲ್ಲೆಗೊಂದು ಕ್ಷಯ ಕೇಂದ್ರ, ಅದರ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು. ಮತ್ತು ಪ್ರತಿ ರೋಗಿಗೂ ಒಂದು ಚಿಕಿತ್ಸೆಯ ಕಾರ್ಡು.

ಆ ಕಾರ್ಡು ನೋಡಲು ಏನೂ ಅಲ್ಲ. ಹೆಸರು, ಊರು, ಕಫದ ಫಲಿತಾಂಶ, ಯಾವ ಮಾತ್ರೆ, ಯಾವ ತಿಂಗಳು ಬಂದು ತೆಗೆದುಕೊಂಡರು ಎಂಬ ಗುರುತು. ಆದರೆ ಬಡವರ ಮಟ್ಟಿಗೆ ಅದು ದೊಡ್ಡ ಸಂಗತಿ. ಅಲ್ಲಿವರೆಗೆ ಸರ್ಕಾರದ ಕಾಗದದಲ್ಲಿ ಅವರ ಹೆಸರು ಇರುತ್ತಿದ್ದುದು ಪಹಣಿಯಲ್ಲಿ, ಸಾಲದ ಪತ್ರದಲ್ಲಿ, ಇಲ್ಲ ಪೊಲೀಸು ಕೇಸಿನಲ್ಲಿ. ಗುಣವಾಗುವ ತನಕ ನಿಮ್ಮ ಮೇಲೆ ಕಣ್ಣಿಟ್ಟಿರುತ್ತೇವೆ ಎಂದು ಹೇಳಿದ ಕಾಗದ ಇದು. ಬರಬೇಕಾದ ದಿನ ಬರದಿದ್ದರೆ ಮೊದಲು ಅಂಚೆಯಲ್ಲಿ ಪತ್ರ, ಆಮೇಲೆ ಮನೆಗೆ ಭೇಟಿ. ಇದು ನಿಯಮ.

ನಿಯಮ ಕಾಗದದಲ್ಲಿ ಚೆನ್ನಾಗಿತ್ತು. ಆಗಿನ ಚಿಕಿತ್ಸೆ ಒಂದು ವರ್ಷದಿಂದ ಒಂದೂವರೆ ವರ್ಷ. ಮಾತ್ರೆ ಶುರು ಮಾಡಿದ ಕೆಲವೇ ವಾರಕ್ಕೆ ಜ್ವರ ಬಿಡುತ್ತದೆ, ಕೆಮ್ಮು ಇಳಿಯುತ್ತದೆ, ಹಸಿವು ಆಗುತ್ತದೆ. ಮೈ ಹಗುರಾದ ಮನುಷ್ಯ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ಯಾಕೆ ಬರುತ್ತಾನೆ? ಬಂದರೂ ಕೆಲವೊಮ್ಮೆ ಮಾತ್ರೆ ಇರುವುದಿಲ್ಲ. ಪತ್ರ ಬರೆಯಬೇಕಾದ ಸಿಬ್ಬಂದಿಗೆ ನೂರೆಂಟು ಕೆಲಸ. ಮನೆಗೆ ಹೋಗಲು ಗಾಡಿಯಿಲ್ಲ. ಕಾರ್ಡು ಪೆಟ್ಟಿಗೆಯಲ್ಲೇ ಉಳಿಯಿತು, ಮನುಷ್ಯ ಕೈಜಾರಿದ.

ಕೈಜಾರಿದರೆ ಏನಾಗುತ್ತದೆ ಎಂಬುದೂ ನಮ್ಮ ರಾಜ್ಯದ ಹಳ್ಳಿಗಳಿಂದಲೇ ಜಗತ್ತಿಗೆ ಗೊತ್ತಾಯಿತು. ಇದೇ ಸಂಸ್ಥೆ 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷ ಸಮೀಕ್ಷೆ ನಡೆಸಿತು. ಸರಿಯಾದ ಚಿಕಿತ್ಸೆಯ ವ್ಯವಸ್ಥೆ ಇಲ್ಲದ ಆ ಹಳ್ಳಿಗಳಲ್ಲಿ, ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧ ಜನ ತೀರಿಕೊಂಡರು. ಮೂರನೇ ಒಂದು ಭಾಗದಷ್ಟು ಜನರ ಕಫದಲ್ಲಿ ರೋಗಾಣು ತಾನಾಗಿ ಇಲ್ಲವಾಯಿತು. ಉಳಿದವರು ಕೆಮ್ಮುತ್ತಾ, ಬೇರೆಯವರಿಗೆ ಹರಡುತ್ತಾ ಬದುಕಿದ್ದರು. 'ಫಾಲೋ-ಅಪ್ ಆಗಲಿಲ್ಲ' ಎಂದು ಕಚೇರಿಯಲ್ಲಿ ಹಗುರವಾಗಿ ಹೇಳುವ ಮಾತಿನ ಹಿಂದೆ ಇರುವ ಲೆಕ್ಕ ಇದು.

ಹೆಸರು ಬರೆದ ಡಬ್ಬ

1992ರಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕಾರ್ಯಕ್ರಮದ ಪರಿಶೀಲನೆ ನಡೆಸಿದವು. ಚಿಕಿತ್ಸೆ ಶುರು ಮಾಡಿದವರಲ್ಲಿ ಅರ್ಧದಷ್ಟು ಜನವೂ ಅದನ್ನು ಮುಗಿಸುತ್ತಿರಲಿಲ್ಲ. ಔಷಧಿ ಇತ್ತು, ಕಾರ್ಡು ಇತ್ತು. 30 ವರ್ಷ ಕಳೆದಿತ್ತು.

1993ರಿಂದ ಹೊಸ ಪದ್ಧತಿಯನ್ನು ಪ್ರಯೋಗವಾಗಿ ನಡೆಸಿ, 1997ರಿಂದ ದೊಡ್ಡದಾಗಿ ತಂದು, 2006ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿಸಿದರು. ಅದೇ ಡಾಟ್ಸ್. ಗೋಡೆ ಮೇಲೆ ಬರೆದಿದ್ದು ಓದಿದ ನೆನಪು ನಿಮಗೂ ಇರಬಹುದು. ಚಿಕಿತ್ಸೆಯ ಅವಧಿ ಆರು ತಿಂಗಳಿಗೆ ಇಳಿಯಿತು. ಮಾತ್ರೆಯನ್ನು ಒಬ್ಬರ ಕಣ್ಣೆದುರೇ ನುಂಗಬೇಕು.

ಇದರಲ್ಲಿ ಎರಡು ಸಂಗತಿ ಮುಖ್ಯ. ಒಂದು, ಡಬ್ಬ. ಪ್ರತಿ ರೋಗಿಯ ಪೂರ್ತಿ ಚಿಕಿತ್ಸೆಯ ಮಾತ್ರೆ ಒಂದೇ ಡಬ್ಬದಲ್ಲಿ ತುಂಬಿ, ಅದರ ಮೇಲೆ ಅವರ ಹೆಸರು ಬರೆದು ಇಡುತ್ತಿದ್ದರು. ಅರ್ಧದಲ್ಲಿ ಮಾತ್ರೆ ಖಾಲಿಯಾಯಿತು ಎಂಬ ನೆಪ ಹೋಯಿತು. ಎರಡು, ಲೆಕ್ಕ ಒಪ್ಪಿಸುವುದು. ಡಾ. ಕಾರೆಲ್ ಸ್ಟಿಬ್ಲೋ ಎಂಬುವರು ಆಫ್ರಿಕಾದ ಟಾಂಜಾನಿಯಾದಲ್ಲಿ ಇದನ್ನು ಮಾಡಿ ತೋರಿಸಿದ್ದರು. ಈ ಮೂರು ತಿಂಗಳಲ್ಲಿ ಎಷ್ಟು ಜನ ಶುರು ಮಾಡಿದರೋ ಅವರೆಲ್ಲರ ಕೊನೆಯೂ ಬರೆಯಬೇಕು. ಗುಣವಾದರೋ, ತೀರಿಕೊಂಡರೋ, ಬಿಟ್ಟರೋ, ಬೇರೆ ಊರಿಗೆ ಹೋದರೋ. ಇಷ್ಟು ಮಾತ್ರೆ ಹಂಚಿದ್ದೇವೆ ಎಂದರೆ ಸಾಲದು, ಇಷ್ಟು ಜನ ಏನಾದರು ಎಂದು ಹೇಳಬೇಕು.

ಫಲ ಸಿಕ್ಕಿತು. ಚಿಕಿತ್ಸೆ ಮುಗಿಸುವವರ ಪ್ರಮಾಣ ಬಹಳ ಏರಿತು. ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಹೋಗಿ ನುಂಗಬೇಕೆಂದರೆ ಕೂಲಿಯವರಿಗೆ ಅರ್ಧ ದಿನದ ದುಡಿಮೆ ಹೋಗುತ್ತದೆ. ಮದುವೆ ವಯಸ್ಸಿನ ಹೆಣ್ಣುಮಗಳು ವಾರಕ್ಕೆ ಮೂರು ಸಲ ಅದೇ ಬಾಗಿಲಿಗೆ ಹೋದರೆ ಬೀದಿಯೆಲ್ಲ ಮಾತಾಡುತ್ತದೆ. ಕಣ್ಣಿಡುವುದು ಬೇರೆ, ಕಾವಲು ಕೂರುವುದು ಬೇರೆ. ಎಷ್ಟೋ ಕಡೆ ಮೊದಲನೆಯದು ಎರಡನೆಯದಾಯಿತು.

ಬಿಟ್ಟವರನ್ನು ದಾಖಲೆಯಲ್ಲಿ 'ಡಿಫಾಲ್ಟರ್' ಎಂದು ಬರೆಯುತ್ತಿದ್ದರು. ಸೊಸೈಟಿ ಸಾಲ ಕಟ್ಟದವರಿಗೆ ಹೇಳುವ ಅದೇ ಪದ. ತಪ್ಪೆಲ್ಲ ರೋಗಿಯದ್ದು ಎನ್ನುವ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ ಕೈಬಿಟ್ಟು, 'ಸಂಪರ್ಕ ತಪ್ಪಿದವರು' ಎಂಬ ಅರ್ಥದ ಪದ ಹಾಕಿತು. ಚಿಕ್ಕ ಬದಲಾವಣೆ ಅನ್ನಿಸಬಹುದು. ಸಂಪರ್ಕ ಎಂದರೆ ಅದಕ್ಕೆ ಎರಡು ತುದಿ ಇರುತ್ತದೆ.

ಬಳ್ಳಾರಿಯಲ್ಲಿ ಇದೇ ಪಾಠ

ಇದು ಬರೀ ಕ್ಷಯದ ಕಥೆಯಲ್ಲ. ಮಾನಸಿಕ ಕಾಯಿಲೆ ಇದ್ದವರಿಗೂ ಒಂದು ಕಾಲದಲ್ಲಿ ದೂರದ ಆಸ್ಪತ್ರೆಯ ಗೋಡೆಯೇ ಗತಿಯಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ನಗರದ ಹೊರಗಿನ ಸಕಲವಾರದಲ್ಲಿ ಹಳ್ಳಿಗಳಿಗಾಗಿ ಕೇಂದ್ರ ತೆರೆದರು. 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ತೆಗೆದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮಾತ್ರೆ ಊರ ಹತ್ತಿರವೇ ಸಿಗುವ ಹಾಗೆ, ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸುವ ಹಾಗೆ ಮಾಡಿದರು. 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಲ್ಲೂ ಕಲಿತದ್ದು ಅದೇ. ಮಾತ್ರೆ ಊರಿಗೆ ತರುವುದು ಅರ್ಧ ಕೆಲಸ, ಮುಂದಿನ ತಿಂಗಳು ಯಾಕೆ ಬರಲಿಲ್ಲ ಎಂದು ವಿಚಾರಿಸುವುದು ಇನ್ನರ್ಧ.

ಕಾರ್ಡು ಈಗ ಮೊಬೈಲಿನಲ್ಲಿ

2012ರಲ್ಲಿ ನಿಕ್ಷಯ್ ಎಂಬ ಆನ್‌ಲೈನ್ ದಾಖಲೆ ಬಂತು. ಹಳೆಯ ಕಾರ್ಡಿನ ಮೊಮ್ಮಗ ಅನ್ನಬಹುದು. ಖಾಸಗಿ ಡಾಕ್ಟರು ಕೂಡ ತಮ್ಮಲ್ಲಿಗೆ ಬಂದ ಕ್ಷಯ ರೋಗಿಯ ವಿವರ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ಆದೇಶವೂ ಅದೇ ವರ್ಷದ್ದು. ವಾರಕ್ಕೆ ಮೂರು ದಿನದ ಮಾತ್ರೆ 2017ರಿಂದ ದಿನಾ ನುಂಗುವ ಮಾತ್ರೆಯಾಯಿತು. 2018ರ ಏಪ್ರಿಲ್‌ನಿಂದ ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಊಟಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲು ಶುರು ಮಾಡಿದರು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ. ಚೀಟಿಯಲ್ಲಿ ಒಳ್ಳೆಯ ಊಟ ಎಂದು ಬರೆದರೆ ಸಾಲದು ಎಂದು ಡಾ. ಕ್ಯಾಬಟ್‌ಗೆ 1905ರಲ್ಲಿ ಅನ್ನಿಸಿದ್ದು ನಮ್ಮ ಬ್ಯಾಂಕು ಪಾಸ್‌ಬುಕ್ಕಿಗೆ ಬರಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಇಷ್ಟಾದರೂ ವರದಿಗೆಂದು ಊರೂರು ಸುತ್ತುವಾಗ ನಾವು ಕೇಳುವ ಮಾತು ಹೆಚ್ಚು ಬದಲಾಗಿಲ್ಲ. ದುಡ್ಡು ಬಂದಿಲ್ಲ, ಬ್ಯಾಂಕು ಖಾತೆಗೆ ಆಧಾರ್ ಜೋಡಣೆ ಆಗಿಲ್ಲವಂತೆ. ಎರಡು ತಿಂಗಳು ನುಂಗಿದೆ, ಆಮೇಲೆ ಕೆಲಸಕ್ಕೆ ಬೆಂಗಳೂರಿಗೆ ಹೋದೆ. ಇಲ್ಲಿ ಕೇಳಿದರೆ ಅಲ್ಲಿಗೆ ಹೋಗಿ ಅಂತಾರೆ, ಅಲ್ಲಿ ಕೇಳಿದರೆ ಇಲ್ಲಿಗೆ. ಕಂಪ್ಯೂಟರಿನಲ್ಲಿ ಹೆಸರು ಇರುತ್ತದೆ, ಹೆಸರಿನ ಜೊತೆ ಮಾತಾಡುವ ಮನುಷ್ಯ ಇರುವುದಿಲ್ಲ. ಇದ್ದರೆ ಅದು ಹೆಚ್ಚಾಗಿ ಊರಿನ ಆಶಾ ಅಕ್ಕ. ಬಾಣಂತಿ, ಲಸಿಕೆ, ಸರ್ವೆ, ಸಭೆ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಅವರು ಕ್ಷಯದವರ ಮನೆಗೂ ಹೋಗಬೇಕು. 1962ರಲ್ಲಿ ಕಾರ್ಡು ಸೋತದ್ದು ಕಾರ್ಡಿನ ತಪ್ಪಿನಿಂದಲ್ಲ, ಅದನ್ನು ಹಿಡಿಯುವ ಕೈಗೆ ಬಿಡುವಿಲ್ಲದೆ. ಈಗಲೂ ಆ ಕೈಗೆ ಬಿಡುವು ಮಾಡಿಕೊಡದಿದ್ದರೆ ಆ್ಯಪ್ ಎಷ್ಟು ಬಂದರೂ ಅಷ್ಟೇ.

ಹಾಗಾಗಿ ಈ ಇತಿಹಾಸದಿಂದ ನಾವು ಕಲಿಯಬಹುದಾದ ನಾಲ್ಕು ಮಾತು ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಬರೀ ಬಾಟಲಿ ಔಷಧಿ ತೆಗೆದುಕೊಂಡು ಬರಬೇಡಿ, ಕಫ ಪರೀಕ್ಷೆ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಉಚಿತ, ಮಾತ್ರೆಯೂ ಉಚಿತ. ಚಿಕಿತ್ಸೆ ಶುರುವಾದ ದಿನವೇ ನಿಕ್ಷಯ್ ನಂಬರು ಬರೆಸಿಕೊಂಡು ಜೋಪಾನ ಮಾಡಿ, ನಿಮ್ಮನ್ನು ನೋಡಿಕೊಳ್ಳುವವರು ಯಾರು, ಅವರ ಹೆಸರೇನು ಎಂದು ಕೇಳಿ. ಕೆಲಸಕ್ಕೆ ಬೇರೆ ಊರಿಗೆ ಹೊರಟರೆ ಹೊರಡುವ ಮೊದಲೇ ಹೇಳಿ, ಆ ಊರಿನ ಕೇಂದ್ರಕ್ಕೆ ನಿಮ್ಮ ಹೆಸರು ವರ್ಗ ಮಾಡಿಸಿಕೊಳ್ಳಿ. ಎಲ್ಲೂ ಉತ್ತರ ಸಿಗದಿದ್ದರೆ ಕ್ಷಯದ ಉಚಿತ ಸಹಾಯವಾಣಿ 1800 11 6666ಕ್ಕೆ ಫೋನು ಮಾಡಿ.

ತುಮಕೂರಿನ ಹಳ್ಳಿಯವರು 60 ವರ್ಷದ ಹಿಂದೆಯೇ ತಮ್ಮ ಪಾಲಿನ ಕೆಲಸ ಮಾಡಿದ್ದರು. ಕಾಯಿಲೆ ಗುರುತಿಸಿದ್ದರು, ನಡೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ಮುಂದಿನ ಸಲ ಯಾರಾದರೂ ಹಳ್ಳಿ ಜನಕ್ಕೆ ತಿಳಿವಳಿಕೆಯಿಲ್ಲ ಎಂದು ವೇದಿಕೆ ಮೇಲೆ ಭಾಷಣ ಮಾಡಿದರೆ, ಆ ಅಧ್ಯಯನದ ಹೆಸರು ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಹೋದ ತಿಂಗಳು ಮಾತ್ರೆಗೆ ಬರದವರು ಎಷ್ಟು ಜನ, ಅವರ ಮನೆಗೆ ಯಾರು ಹೋಗಿದ್ದರು?